ಮೂಗಿನ ಯಜಮಾನರು

“ಏನೋ ವಾಸನೆ ಬರ್ತಿದೆಯಲ್ಲ?” ಎಂದು ಮನೆಯಲ್ಲಿ ಯಾರು ಬೇಕಾದರೂ ಕೇಳಬಹುದು. ಸೊಸೆ ಕೇಳಿದರೆ ಅದೊಂದು ಪ್ರಶ್ನೆ. ಮೊಮ್ಮಗ ಕೇಳಿದರೆ ತಮಾಷೆ. ಕೆಲಸದಾಕೆ ಕೇಳಿದರೆ ಅಧಿಕಪ್ರಸಂಗ. ಯಜಮಾನರು ಕೇಳಿದರೆ ಮಾತ್ರ ಅದು ಎಫ್‌ಐಆರ್. ಅಲ್ಲಿಂದ ಮುಂದೆ ಸ್ಥಳ ಮಹಜರು, ವಿಚಾರಣೆ, ಹೇಳಿಕೆ, ಎಲ್ಲ ಕ್ರಮಪ್ರಕಾರ ನಡೆಯಬೇಕು. ಇವರನ್ನು ನೋಡದವರು ಕಡಿಮೆ. ಬ್ಯಾಂಕಿನಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ನಿವೃತ್ತರಾಗಿರುತ್ತಾರೆ. ಬೆಂಗಳೂರಿನ ಬಸವನಗುಡಿಯಲ್ಲೋ ಮೈಸೂರಿನ ಕುವೆಂಪುನಗರದಲ್ಲೋ ಕೆಳಗೊಂದು ಸ್ವಂತ ಮನೆ, ಮೇಲೊಂದು ಬಾಡಿಗೆ ಮನೆ ಇರುತ್ತದೆ. ಮೂಗು ತಮ್ಮ ಮನೆತನಕ್ಕೆ ಬಂದ ಪಿತ್ರಾರ್ಜಿತ ಆಸ್ತಿ ಎಂಬ ನಂಬಿಕೆ ಇರುತ್ತದೆ. ಕಾಫಿ ಲೋಟ ತುಟಿಗೆ ತಾಗುವ ಮೊದಲೇ “ಡಿಕಾಕ್ಷನ್ ನಿನ್ನೇದು” ಎಂದು ತೀರ್ಪು ಕೊಡುತ್ತಾರೆ. ಸಾರಿನ ಒಗ್ಗರಣೆಗೆ ಇಂಗು ಬಿದ್ದಿದೆಯೋ ಇಲ್ಲವೋ ಎಂದು ಹಜಾರದಲ್ಲಿ ಕೂತೇ ಹೇಳುತ್ತಾರೆ, ಮತ್ತು ಸಿಟ್ಟು ಬರಿಸುವ ಸಂಗತಿಯೆಂದರೆ ಅದು ಬಹಳ ಸಲ ಸರಿಯಾಗಿಯೇ ಇರುತ್ತದೆ. ಇಂಥ ಮೂಗಿನವರು ಮನೆಯಲ್ಲೊಂದು ಕೆಟ್ಟ ನಾತ ಎದ್ದಾಗ ಅದನ್ನು ಅರ್ಧ ಗಂಟೆಯಲ್ಲಿ ಹಿಡಿದು ಹಾಕಬೇಕಿತ್ತು. ಹಿಡಿಯುವುದಿಲ್ಲ. ವಾರಗಟ್ಟಲೆ ಹಿಡಿಯುವುದಿಲ್ಲ. ಕೊನೆಗೆ ಸಿಕ್ಕಾಗಲೂ ಹಿಡಿದವರು ಬೇರೆ ಯಾರೋ ಆಗಿರುತ್ತಾರೆ. ಹೀಗೇಕೆ ಎಂಬುದು ವಿಚಾರ ಮಾಡಬೇಕಾದ ವಿಷಯ. ನನ್ನ ವಾದ ಇಷ್ಟು: ಅವರ ಮೂಗಿನಲ್ಲಿ ದೋಷವಿದ್ದರೂ ಅದು ಆಮೇಲಿನ ಮಾತು, ಅವರು ಹೊರಟಿರುವುದೇ ಬೇರೆ ಬೇಟೆಗೆ. ನಾರುತ್ತಿರುವುದು ಏನು ಎಂದು ಕೇಳಬೇಕಾದ ಹೊತ್ತಿನಲ್ಲಿ, ನಾರಿಸಿದವರು ಯಾರು ಎಂದು ಕೇಳುತ್ತಾರೆ.

ಮೊದಲು ಮೂಗಿನ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡೋಣ. ಮನುಷ್ಯನ ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಇಂಥ ಗ್ರಾಹಕಗಳ ವಂಶವಾಹಿ ಕುಟುಂಬವನ್ನು 1991ರಲ್ಲಿ ಬೆಳಕಿಗೆ ತಂದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಸಿಕ್ಕಿತು. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್ ನೀರಿನಲ್ಲಿ ಲಕ್ಷ ಕೋಟಿಗೆ ಕೆಲವೇ ಭಾಗ ಇದ್ದರೂ ನಮಗೆ ಗೊತ್ತಾಗುತ್ತದೆ. ಇಷ್ಟು ಸೂಕ್ಷ್ಮವಾದ ಯಂತ್ರಕ್ಕೆ ಎರಡು ದೊಡ್ಡ ದೌರ್ಬಲ್ಯಗಳಿವೆ. ಒಂದೇ ವಾಸನೆಯ ನಡುವೆ ಕೆಲವು ನಿಮಿಷ ಕೂತರೆ ಅದು ವರದಿ ಮಾಡುವುದನ್ನೇ ನಿಲ್ಲಿಸುತ್ತದೆ; ಮತ್ತು ವಾಸನೆ ಇದೆ ಎಂದು ಹೇಳುವಷ್ಟು ಚೆನ್ನಾಗಿ ಎಲ್ಲಿದೆ ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಊರಲ್ಲಿ ಡಂಗುರ ಸಾರುವವನ ಹಾಗೆ, ಸುದ್ದಿ ಮುಟ್ಟಿಸುತ್ತದೆ, ವಿಳಾಸ ಕೇಳುವಷ್ಟರಲ್ಲಿ ಮುಂದಿನ ಬೀದಿಗೆ ಹೋಗಿಬಿಟ್ಟಿರುತ್ತದೆ. ಮೊದಲನೆಯ ದೌರ್ಬಲ್ಯವನ್ನು ನಗುವ ವಿಷಯ ಎಂದುಕೊಳ್ಳಬಾರದು. ಚರಂಡಿಯ ಹೈಡ್ರೋಜನ್ ಸಲ್ಫೈಡ್ ಅನಿಲ ಅತ್ಯಲ್ಪ ಪ್ರಮಾಣದಲ್ಲಿದ್ದಾಗ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ, ಹತ್ತು ಲಕ್ಷಕ್ಕೆ ನೂರು ಭಾಗದ ಹತ್ತಿರ ಬಂದಾಗ ಮೂಗನ್ನೇ ಮರಗಟ್ಟಿಸುತ್ತದೆ. 2013ರ ಕಾಯ್ದೆ ನಿಷೇಧಿಸಿದ ಮೇಲೂ ಮ್ಯಾನ್‌ಹೋಲಿಗೆ ಇಳಿಸಲ್ಪಡುವ ಕಾರ್ಮಿಕರಿಗೆ ವಾಸನೆ ನಿಂತ ಕ್ಷಣವೇ ಅತಿ ದೊಡ್ಡ ಅಪಾಯದ ಕ್ಷಣ. ಮನೆಯೊಳಗೆ ಸಂಗತಿ ಇಷ್ಟು ಘೋರವಲ್ಲ. ಅಲ್ಲಿ ಈ ದೌರ್ಬಲ್ಯದ ಅರ್ಥ ಇಷ್ಟೇ: ಮನೆಯ ವಾಸನೆಯನ್ನು ಪತ್ತೆ ಹಚ್ಚಲು ಅತ್ಯಂತ ಅಯೋಗ್ಯರೆಂದರೆ ಇಡೀ ದಿನ ಆ ಮನೆಯಲ್ಲೇ ಇರುವವರು. ಹಾಲಿನ ಹುಡುಗ, ಕೊರಿಯರ್‌ನವನು, ಸಿಲಿಂಡರ್ ತಂದವನು ಬಾಗಿಲಲ್ಲಿ ಮೊದಲ ಉಸಿರು ಎಳೆದುಕೊಂಡಾಗ ಮುಖದಲ್ಲಿ ಆಗುವ ಬದಲಾವಣೆಗೆ ಇರುವ ಬೆಲೆ ಯಜಮಾನರ ದಿನವಿಡೀ ಮೂಸಾಟಕ್ಕೆ ಇಲ್ಲ. ಅಂಗಳಕ್ಕೆ ಹೋಗಿ ಹತ್ತು ನಿಮಿಷ ನಿಂತು, ಒಳಗೆ ಬಂದು ಒಂದೇ ಕೋಣೆಯ ಮೊದಲ ಉಸಿರನ್ನು ಗಮನಿಸಿ, ಮತ್ತೆ ಹೊರಗೆ ಹೋಗಿ ಇನ್ನೊಂದು ಕೋಣೆಗೆ ಬರಬೇಕು. ಅವರು ಮಾಡುವುದು ನಡುಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಪ್ರಾಣಾಯಾಮದ ಪೂರಕದಷ್ಟು ದೀರ್ಘವಾಗಿ ಎಳೆದುಕೊಳ್ಳುವುದು. ಐದನೆಯ ಪೂರಕಕ್ಕೆ ಮೂಗು ಕೆಲಸ ಬಿಟ್ಟಿರುತ್ತದೆ. “ಈಗ ಹೋಯ್ತು ನೋಡು. ಯಾರೋ ಬಾಗಿಲು ತೆಗೆದಿದ್ರು ಅನ್ಸುತ್ತೆ” ಎಂದು ಪ್ರಕರಣಕ್ಕೊಂದು ಹೊಸ ಎಳೆ ಸೇರುತ್ತದೆ.

ಇಲ್ಲಿ ತಿಳಿದವರೊಂದು ಆಕ್ಷೇಪ ಎತ್ತಬಹುದು. ಮನುಷ್ಯನ ಮೂಗು ದಿಕ್ಕು ಹಿಡಿಯಲಾರದು ಎಂಬುದು ಹಳೆಯ ಕಾಲದ ನಂಬಿಕೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಲ್ಲಿನ ಮೇಲೆ 10 ಮೀಟರ್ ಉದ್ದಕ್ಕೆ ಚಾಕೊಲೇಟ್ ಪರಿಮಳದ ಜಾಡು ಎಳೆದು, 32 ಜನರನ್ನು ಅದರ ಹಿಂದೆ ಬಿಟ್ಟಾಗ ಮೂರರಲ್ಲಿ ಎರಡು ಪಾಲು ಜನ ಅದನ್ನು ಹಿಂಬಾಲಿಸಿಕೊಂಡು ಹೋದರು, ಅಭ್ಯಾಸ ಮಾಡಿಸಿದವರ ವೇಗವೂ ಹೆಚ್ಚಿತು, ಇದೆಲ್ಲ 2007ರಲ್ಲೇ ಪ್ರಕಟವಾಗಿದೆ. ನಿಜ. ಆದರೆ ಆ ಪ್ರಯೋಗದ ಷರತ್ತುಗಳನ್ನು ನೋಡಬೇಕು. ಅವರು ಮಂಡಿಯೂರಿ, ಮೂಗನ್ನು ನೆಲಕ್ಕೆ ತಾಗಿಸಿಕೊಂಡು ಅಂಬೆಗಾಲಿಕ್ಕಿದ್ದರು. ಕಣ್ಣಿಗೆ ಬಟ್ಟೆ, ಕಿವಿಗೆ ಮುಚ್ಚಳ, ಕೈಗೆ ದಪ್ಪ ಗವುಸು. ನಮ್ಮ ಯಜಮಾನರ ಮಂಡಿ ಮಡಚುವುದಿಲ್ಲ ಎಂಬ ಕಾರಣವನ್ನು ಮನ್ನಿಸೋಣ, ವಯಸ್ಸಾಗಿದೆ. ಮುಖ್ಯವಾದದ್ದು ಕಣ್ಣಿನ ಬಟ್ಟೆ. ಆ 32 ಜನರಿಗೆ ಮೂಗಲ್ಲದೆ ಬೇರೆ ಸಾಕ್ಷಿ ಇರಲಿಲ್ಲ, ಎದುರಿಗೆ ಯಾವ ಆಪಾದಿತರೂ ಕಾಣುತ್ತಿರಲಿಲ್ಲ. ಯಜಮಾನರಿಗೆ ಕಣ್ಣು ತೆರೆದರೆ ಸಾಕು, ಮೂಲೆಯಲ್ಲಿ ನೆಲ ಒರೆಸುವ ಬಟ್ಟೆ ಕಾಣುತ್ತದೆ, ಬಟ್ಟೆಯ ಹಿಂದೆ ಕೆಲಸದಾಕೆ ಕಾಣುತ್ತಾಳೆ, ಅಲ್ಲಿಗೆ ಜಾಡು ಮುಗಿಯುತ್ತದೆ.

ಶಂಕಿತರ ಪಟ್ಟಿಗೆ ಒಂದು ನಿರ್ದಿಷ್ಟ ಕ್ರಮವಿದೆ, ಮತ್ತು ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಮೊದಲು ನೆಲ ಒರೆಸುವ ಬಟ್ಟೆ. ಆಮೇಲೆ ಫ್ರಿಜ್ಜಿನೊಳಗಿನ ದೋಸೆ ಹಿಟ್ಟು, ಎಂದರೆ ಹೆಂಡತಿ. ಆಮೇಲೆ ಸೊಸೆ ತಂದಿಟ್ಟ ಬೆಳ್ಳುಳ್ಳಿ ಪೇಸ್ಟು. ಆಮೇಲೆ ಮೇಲಿನ ಮನೆಯವರು, ಪಕ್ಕದ ಮನೆಯವರ ನಾಯಿ, ಹಿಂದಿನ ಕನ್ಸರ್ವೆನ್ಸಿ ಓಣಿ, ಕಾರ್ಪೊರೇಷನ್, ಕೊನೆಗೆ ಕಾಲಧರ್ಮ. ಅಧಿಕಾರದಲ್ಲಿ ಕೆಳಗಿರುವವರಿಂದ ಶುರುವಾಗಿ ಕೈಗೆ ಸಿಗದವರಲ್ಲಿ ಮುಗಿಯುವ ಈ ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಎಂದೂ ಸೇರುವುದಿಲ್ಲ. ಸಂತೆಯಲ್ಲಿ ಸೋವಿ ಸಿಕ್ಕಿತೆಂದು ಒಂದು ಚೀಲ ಆಲೂಗೆಡ್ಡೆ ತಂದು, ಗಾಳಿಯಾಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ತುರುಕಿದವರು ಯಾರು? ಕೊಳೆತ ಒಂದೇ ಒಂದು ಆಲೂಗೆಡ್ಡೆ ಸತ್ತ ಪ್ರಾಣಿಯೊಂದಿಗೆ ಪೈಪೋಟಿ ನಡೆಸಬಲ್ಲದು ಎಂಬುದು ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಗೂಡು ಗುಡಿಸುವ ದಿನ ಕೆಲಸದಾಕೆ ಚೀಲ ಎಳೆದಾಗ ಅಡಿಯಿಂದ ಕಂದು ನೀರು ಸೋರುತ್ತದೆ, ಒತ್ತಿದರೆ ಬೆರಳು ಒಳಗೇ ಹೋಗುವಷ್ಟು ಮೆತ್ತಗಾದ ಗೆಡ್ಡೆ ಹೊರಗೆ ಬರುತ್ತದೆ. ಯಜಮಾನರು ದೂರದಿಂದಲೇ ನೋಡಿ, “ಈಗಿನ ಆಲೂಗೆಡ್ಡೆಗೆ ಏನೇನೋ ಔಷಧಿ ಹೊಡೀತಾರಮ್ಮ” ಎನ್ನುತ್ತಾರೆ. ಅಪರಾಧ ರೈತನಿಗೆ ವರ್ಗಾವಣೆಯಾಯಿತು. ನೆಲ ಒರೆಸುವ ಬಟ್ಟೆಯ ಮೇಲಿನ ಆರೋಪವನ್ನು ಮಾತ್ರ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಇದನ್ನು ಒಬ್ಬ ಮುದುಕರ ಖಯಾಲಿ ಎಂದು ತಳ್ಳಿಹಾಕುವ ಹಾಗಿಲ್ಲ, ದೊಡ್ಡದೊಡ್ಡ ಸರ್ಕಾರಗಳೇ ಹೀಗೆ ಮೂಗಿನ ಹಿಂದೆ ಹೋಗಿವೆ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಕಾಲರಾ ಹರಡುವುದು ಕೆಟ್ಟ ಗಾಳಿಯಿಂದ ಎಂಬುದು ಪಂಡಿತರ ಮತ. ನೈರ್ಮಲ್ಯ ಸುಧಾರಣೆಯ ದೊಡ್ಡ ಮುಂದಾಳು ಎಡ್ವಿನ್ ಚಾಡ್ವಿಕ್ 1846ರಲ್ಲಿ ಸಂಸತ್ತಿನ ಸಮಿತಿಯೆದುರು ವಾಸನೆಯೆಲ್ಲ ರೋಗವೇ ಎಂಬರ್ಥದ ಸಾಕ್ಷ್ಯ ನುಡಿದರು. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಬ್ರಾಡ್ ಸ್ಟ್ರೀಟಿನ ಕೈಪಂಪಿನ ನೀರಿನ ಕಡೆಗೆ ಬೆರಳು ತೋರಿಸಿದ. ಸತ್ತವರ ಮನೆಗಳನ್ನು ಎಣಿಸಿ, ಯಾರು ಎಲ್ಲಿಯ ನೀರು ಕುಡಿದರು ಎಂದು ಕೇಳಿಕೊಂಡು ಬಂದಿದ್ದವನು ಆತ. ಮೂಗಿನಿಂದ ಏನನ್ನೂ ತೀರ್ಮಾನಿಸಿರಲಿಲ್ಲ. ಆ ಮಾತು ಬಹಳ ಜನರಿಗೆ ಹಿಡಿಸಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರತೊಡಗಿದಾಗ ಸಂಸತ್ ಭವನದ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ನೇತುಹಾಕಿದರು. ಅದೇ ಜೂನ್ ತಿಂಗಳಲ್ಲಿ ಸ್ನೋ ತೀರಿಕೊಂಡ. ಯಜಮಾನರ ಪಕ್ಷದವರು ಇಲ್ಲಿ ಎದ್ದು ನಿಂತು, “ಸರಿ ಸ್ವಾಮಿ, ಆ ನಾತದ ದೆಸೆಯಿಂದಲೇ ಅಲ್ಲವೇ ಎಂಜಿನಿಯರ್ ಬ್ಯಾಜಲ್ಜೆಟ್‌ನ ಒಳಚರಂಡಿ ಕಟ್ಟಿದ್ದು? ಕಾಲರಾ ನಿಂತದ್ದು?” ಎಂದು ಕೇಳಿದರೆ ಒಪ್ಪಲೇಬೇಕು. ಕಾರಣ ತಪ್ಪಿದ್ದರೂ ಕೆಲಸ ಸರಿಯಾಯಿತು. ನಮ್ಮ ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳೂ ಹಿಂದಿನ ಓಣಿಗಳೂ 1898ರ ಪ್ಲೇಗಿನ ಭಯಕ್ಕೆ ಋಣಿಯಾಗಿವೆ. ಮನೆಯಲ್ಲೂ ಹಾಗೆಯೇ. ಯಜಮಾನರ ಶೋಧದ ದೆಸೆಯಿಂದ ವರ್ಷಕ್ಕೊಮ್ಮೆಯಾದರೂ ಬೀರು ಜರುಗುತ್ತದೆ, ಫ್ರಿಜ್ಜಿನ ಹಿಂದಿನ ನೀರಿನ ತಟ್ಟೆ ತೊಳೆಯಲ್ಪಡುತ್ತದೆ. ಆದರೆ 1866ರಲ್ಲಿ ಕಾಲರಾ ಮತ್ತೆ ಬಂದದ್ದು ಲಂಡನ್ನಿನ ಪೂರ್ವ ಭಾಗಕ್ಕೆ, ಹೊಸ ಚರಂಡಿಯ ಕೆಲಸ ಇನ್ನೂ ಮುಗಿಯದಿದ್ದ ಬಡವರ ಕೇರಿಗಳಿಗೆ. ಮೂಗು ಮುಂದಾಳಾದಾಗ ಯಾವ ಬೀದಿ ಮೊದಲು ಸ್ವಚ್ಛವಾಗುತ್ತದೆ ಎಂಬುದು ಯಾರ ಮೂಗು ಎಂಬುದರ ಮೇಲೆ ನಿಂತಿರುತ್ತದೆ.

ಇನ್ನು ಮೀನಿನ ವಾಸನೆ. ಈ ವರ್ಗದ ಯಜಮಾನರನ್ನು ಪೂರ್ತಿ ಅರ್ಥ ಮಾಡಿಕೊಳ್ಳಬೇಕಾದರೆ ಮೀನಿನ ವಾಸನೆಯ ಪ್ರಕರಣವನ್ನು ನಿಧಾನವಾಗಿ ನೋಡಬೇಕು. ಗೇಟಿನ ಮೇಲೆ “ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ” ಎಂಬ ಬೋರ್ಡು ತೂಗಿದ ಮನೆ ಎಂದು ಇಟ್ಟುಕೊಳ್ಳಿ. ಮೇಲೆ ಮಂಗಳೂರು ಕಡೆಯ ಗಂಡ ಹೆಂಡತಿ. ಇಬ್ಬರೂ ಕಂಪನಿ ಕೆಲಸದವರು, ಮನೆಯಲ್ಲಿ ಅಡುಗೆಯನ್ನೇ ಸರಿಯಾಗಿ ಮಾಡದವರು. ಬೆಳಗ್ಗೆ ಆರೂವರೆ ಹೊತ್ತಿಗೆ ಕೆಳಗಿನ ಮನೆಯಲ್ಲಿ ಸಣ್ಣಗೆ ಮೀನಿನ ವಾಸನೆ ಏಳುತ್ತದೆ. ಯಜಮಾನರಿಗೆ ಪುರಾವೆ ಬೇಡ, ಊರಿನ ಹೆಸರೇ ಸಾಕು. ಮೆಟ್ಟಿಲ ಹತ್ತಿರ ಹುಡುಗನನ್ನು ತಡೆದು, “ಏನಪ್ಪಾ, ಅಗ್ರಿಮೆಂಟಲ್ಲಿ ಏನು ಬರೆದಿದ್ವಿ?” ಎನ್ನುತ್ತಾರೆ. “ಇಲ್ಲ ಅಂಕಲ್, ನಾವು ಬೆಳಗ್ಗೆ ಬ್ರೆಡ್ಡೇ ತಿನ್ನೋದು” ಎಂದರೆ, “ಹಾಗಾದರೆ ವಾಸನೆ ನನ್ನ ಮೂಗಲ್ಲಿ ಹುಟ್ಟುತ್ತಾ?” ಹೆಂಡತಿ ಒಳಗಿಂದ, “ರೀ, ದಿನಾ ಒಂದೇ ಹೊತ್ತಿಗೆ ಬರುತ್ತಲ್ಲ, ಬೆಳಗಾಗೆದ್ದು ಯಾರು ಮೀನು ಹುರೀತಾರೆ?” ಎಂದು ಕೇಳುತ್ತಾರೆ. ಇಡೀ ತನಿಖೆಯಲ್ಲಿ ಬುದ್ಧಿಯ ಪ್ರಶ್ನೆ ಎಂದರೆ ಇದೊಂದೇ, ಆದ್ದರಿಂದ ಇದು ದಾಖಲಾಗುವುದಿಲ್ಲ. ಆರೂವರೆಗೆ ಕೆಳಗಿನ ಮನೆಯಲ್ಲಿ ನಡೆಯುವ ಕೆಲಸ ಯಾವುದು? ಯಜಮಾನರ ಸ್ನಾನಕ್ಕೆ ಗೀಸರ್ ಹಾಕುವುದು. 2000 ವಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು ಎಂಟೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಸಾಕೆಟ್ಟಿನ ಒಳಗೆ ತಂತಿ ಹಿಡಿದಿರುವ ಸ್ಕ್ರೂ ಸ್ವಲ್ಪ ಸಡಿಲವಾಗಿದ್ದರೆ ಅಲ್ಲಿ ಕಾವೇರುತ್ತದೆ. ಪ್ಲಗ್ಗು, ಸಾಕೆಟ್ಟುಗಳಿಗೆ ಬಳಸುವ ಯೂರಿಯಾ ಫಾರ್ಮಾಲ್ಡಿಹೈಡ್‌ನಂಥ ಗಟ್ಟಿ ಪ್ಲಾಸ್ಟಿಕ್ ಅತಿಯಾಗಿ ಬಿಸಿಯಾದಾಗ ಬರುವ ವಾಸನೆ ಥೇಟ್ ಮೀನಿನದು, ಕೆಲವರಿಗೆ ಮೂತ್ರದ್ದು. ಮೀನಿನ ನಾತಕ್ಕೆ ಕಾರಣವಾದ ಟ್ರೈಮೀಥೈಲಮೀನ್ ಸೇರಿರುವ ಅಮೈನುಗಳ ಬಳಗದ ಪ್ರಭಾವವೇ ಇದು. ಒಂದು ದಿನ ಗೀಸರ್ ನಿಲ್ಲುತ್ತದೆ, ಎಲೆಕ್ಟ್ರಿಷಿಯನ್ ಹುಡುಗ ಬಂದು ಸಾಕೆಟ್ ಬಿಚ್ಚುತ್ತಾನೆ. ಬಿಳಿಯ ಪ್ಲೇಟು ಎಡ ತೂತಿನ ಸುತ್ತ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದೆ, ತಂತಿಯ ಹೊದಿಕೆ ಬೆರಳಷ್ಟು ಉದ್ದಕ್ಕೆ ಪುಡಿಯಾಗಿ ಉದುರುತ್ತದೆ. “ಸಾರ್, ಇನ್ನೊಂದು ವಾರ ಬಿಟ್ಟಿದ್ರೆ ಬೆಂಕಿ ಹತ್ಕೊಳ್ತಿತ್ತು. ವಾಸನೆ ಬರ್ತಿರ್ಲಿಲ್ವಾ?” ಎಂದು ಅವನು ಕೇಳುವ ಪ್ರಶ್ನೆಗೆ ಆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡುವುದಿಲ್ಲ. ಮೇಲಿನ ಹುಡುಗ ಅಷ್ಟರಲ್ಲಿ ಬೇರೆ ಮನೆ ನೋಡಿ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಬೋರ್ಡು ಮತ್ತೆ ಗೇಟಿಗೆ ಏರುತ್ತದೆ, ಅದೇ ಒಕ್ಕಣೆಯೊಂದಿಗೆ.

ಹೋಗಲಿ, ಗ್ಯಾಸ್ ಸೋರಿದರೆ? ಆಗ ಇಂಥ ಮೂಗೇ ಅಲ್ಲವೇ ಮನೆ ಕಾಯುವುದು ಎಂಬುದು ಅವರ ಪರವಾಗಿ ಬರುವ ಅತ್ಯಂತ ಗಟ್ಟಿಯಾದ ವಾದ. ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲವೆನ್ನಬೇಕು; ನಮಗೆ ಬರುವ ಆ ಕೆಟ್ಟ ವಾಸನೆ ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್‌ನದು. ಹೀಗೆ ಬೆರೆಸುವುದು ಕಡ್ಡಾಯವಾದದ್ದರ ಹಿಂದೆ ಒಂದು ದುರಂತವಿದೆ. 1937ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕೆಳಗೆ, ವಾಸನೆಯಿಲ್ಲದ ನೈಸರ್ಗಿಕ ಅನಿಲ ಯಾರಿಗೂ ಗೊತ್ತಾಗದಂತೆ ತುಂಬಿಕೊಂಡು ಸಿಡಿದು, ಹೆಚ್ಚುಕಡಿಮೆ ಮುನ್ನೂರು ಮಕ್ಕಳೂ ಶಿಕ್ಷಕರೂ ಸತ್ತರು. ಆದ್ದರಿಂದ ಗ್ಯಾಸಿನ ವಾಸನೆ ತಟ್ಟನೆ ಹಿಡಿಯುವವರು ಮನೆಯಲ್ಲಿರುವುದು ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಹಿಡಿದ ಮೇಲೆ ಯಜಮಾನರು ಮಾಡುವುದೇನು ಎಂಬುದರಲ್ಲಿ ಮಾತ್ರ ಎರಡು ಮಾತಿದೆ. ಮೊದಲು, “ಗ್ಯಾಸ್ ಆಫ್ ಮಾಡದೆ ಮಲಗಿದ್ದು ಯಾರು?” ಎಂದು ಕೂಗುತ್ತಾರೆ. ಆಮೇಲೆ ಅಡುಗೆಮನೆಗೆ ಹೋಗಿ, ತಪ್ಪು ಚೆನ್ನಾಗಿ ಕಾಣಲಿ ಎಂದು ಲೈಟ್ ಹಾಕುತ್ತಾರೆ. ಲೈಟಿನ ಸ್ವಿಚ್ಚು, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚು ಮುಟ್ಟಲೇಬಾರದ ಹೊತ್ತು ಅದು. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿಕೊಂಡಿರುತ್ತದೆ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ನಿಂತು 1906ಕ್ಕೆ ಫೋನ್ ಮಾಡಬೇಕು. ಯಾರು ಬಿಟ್ಟದ್ದು ಎಂಬ ಪ್ರಶ್ನೆಗೆ ಮರುದಿನ ಬೇಕಾದಷ್ಟು ಸಮಯವಿದೆ.

ಸತ್ತ ಇಲಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಪಾಷಾಣ ತಿಂದ ಇಲಿ ನೀರು ಹುಡುಕಿಕೊಂಡು ಹೊರಗೆ ಹೋಗಿಯೇ ಸಾಯುತ್ತದೆ ಎಂದು ಅಂಗಡಿಯವನು ಹೇಳಿದ್ದನ್ನು ಯಜಮಾನರು ವೇದವಾಕ್ಯವೆಂದು ನಂಬಿರುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈಗಿನ ಬ್ರೋಮಾಡಿಯೋಲೋನ್ ಬಿಲ್ಲೆಗಳು ಕೆಲಸ ಮಾಡಲು ಕೆಲವು ದಿನ ಬೇಕು, ಇಲಿ ಆ ಹೊತ್ತಿಗೆ ಎಲ್ಲಿ ಇರುತ್ತದೋ ಅಲ್ಲೇ ಸಾಯುತ್ತದೆ: ಫಾಲ್ಸ್ ಸೀಲಿಂಗಿನ ಮೇಲೆ, ಅಟ್ಟದ ಪಾತ್ರೆಗಳ ಹಿಂದೆ, ವಾಷಿಂಗ್ ಮಷೀನಿನ ಹೊಟ್ಟೆಯೊಳಗೆ. ಕೊಳೆಯುವ ಮಾಂಸದ ನಾತದಲ್ಲಿ ಸೇರಿರುವ ಪ್ಯೂಟ್ರೆಸಿನ್, ಕ್ಯಾಡವೆರಿನ್‌ಗಳನ್ನು ಬರ್ಲಿನ್ನಿನ ಲುಡ್ವಿಗ್ ಬ್ರೀಗರ್ 1885ರಲ್ಲೇ ಬೇರ್ಪಡಿಸಿ ವಿವರಿಸಿದ್ದ. ಆದರೆ ಇಲಿ ಸತ್ತ ಜಾಗ ಹುಡುಕಲು ರಸಾಯನಶಾಸ್ತ್ರವೂ ಬೇಡ, ಮೂಗೂ ಬೇಡ. ನೀಲಿ ಹಸಿರು ಮಿಂಚುವ ದಪ್ಪ ನೊಣಗಳು ಯಾವ ಸಂದಿಯ ಸುತ್ತ ಸುಳಿದಾಡುತ್ತಿವೆ ಎಂದು ನೋಡಿದರೆ ಸಾಕು. ಇದು ಕೆಲಸದಾಕೆಗೆ ಗೊತ್ತು. ಅವಳನ್ನು ಯಾರೂ ಕೇಳುವುದಿಲ್ಲ, ಅವಳು ಆಪಾದಿತಳಲ್ಲವೇ?

ಇಷ್ಟೆಲ್ಲ ಹೇಳಿದ ಮೇಲೂ ಯಜಮಾನರನ್ನು ಬಿಟ್ಟುಕೊಡಲು ಮನಸ್ಸಾಗುವುದಿಲ್ಲ, ಯಾಕೆಂದರೆ ಅವರ ಎದುರಾಳಿ ಪಕ್ಷ ಇನ್ನೂ ಅಧ್ವಾನ. ಅದು ಮುಚ್ಚಿಹಾಕುವವರ ಪಕ್ಷ. ನಾತ ಎದ್ದಲ್ಲಿ ಎರಡು ಊದಿನಕಡ್ಡಿ, ಕಪಾಟಿನಲ್ಲಿ ನುಸಿಗುಳಿಗೆ, ಬಚ್ಚಲಲ್ಲಿ ನಿಂಬೆಯ ಸ್ಪ್ರೇ. ಆಮೇಲೆ ಮನೆಯಲ್ಲಿ ಒಂದರ ಬದಲು ಎರಡು ವಾಸನೆ. ಈ ಪಕ್ಷದವರಿಗೆ ಜಗಳವಿಲ್ಲ, ಕುತೂಹಲವೂ ಇಲ್ಲ. ಯಜಮಾನರಿಗೆ ಕುತೂಹಲವಾದರೂ ಇದೆ. ಲೋಕದಲ್ಲಿ ಪ್ರತಿಯೊಂದು ನಾತಕ್ಕೂ ಒಂದು ಕಾರಣ ಇರಲೇಬೇಕು ಎಂದು ಈ ವಯಸ್ಸಿನಲ್ಲೂ ನಂಬಿದ್ದಾರೆ, ಸಣ್ಣ ಗುಣವಲ್ಲ ಅದು. ಕಾರಣಕ್ಕೆ ಒಂದು ಮುಖ ಇರಲೇಬೇಕು ಎಂದುಕೊಳ್ಳುವುದಷ್ಟೇ ತಕರಾರು. ಮಲೆನಾಡಿನ ಮಳೆಗಾಲದಲ್ಲಿ ವಾರಗಟ್ಟಲೆ ಒಣಗದ ಬಟ್ಟೆಗೆ ಬರುವ ಮುಗ್ಗು ವಾಸನೆಯನ್ನೇ ತೆಗೆದುಕೊಳ್ಳಿ. ಒಗೆದ ಬಟ್ಟೆ ನಾರುವುದಕ್ಕೆ ಮೊರಾಕ್ಸೆಲ್ಲಾ ಒಸ್ಲೋಯೆನ್ಸಿಸ್ ಎಂಬ ಬ್ಯಾಕ್ಟೀರಿಯ ಮುಖ್ಯ ಕಾರಣ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಒಗೆದವರದ್ದು ತಪ್ಪಲ್ಲ, ಹಿಂಡಿದವರದ್ದೂ ಅಲ್ಲ. ಇಂಥ ವಾಸನೆಯಲ್ಲಿ ಯಜಮಾನರಿಗೆ ಆಸಕ್ತಿಯೇ ಹುಟ್ಟುವುದಿಲ್ಲ. ಬ್ಯಾಕ್ಟೀರಿಯವನ್ನು ಹಜಾರಕ್ಕೆ ಕರೆಸಿ ಕೇಳುವುದು ಹೇಗೆ?

ಮೂಗಿನ ದೋಷ ಆಮೇಲಿನ ಮಾತು ಎಂದಿದ್ದೆ. ಅದನ್ನೂ ಹೇಳಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಸುಮಾರು 2000 ಜನರನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 65ರಿಂದ 80ರ ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ, 80 ದಾಟಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರಿಗೆ ವಾಸನೆ ಗುರುತಿಸುವ ಶಕ್ತಿ ಬಹಳಷ್ಟು ಕುಂದಿರುತ್ತದೆ. ಕಣ್ಣು ಮಂಜಾದರೆ ಕನ್ನಡಕ ಬರುತ್ತದೆ, ಕಿವಿ ಮಂದವಾದರೆ ಟೀವಿಯ ಸದ್ದು ಏರುತ್ತದೆ. ಮೂಗು ಹೋದದ್ದು ಹೋದವರಿಗೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮನೆಯವರಿಗೆ. ಹಾಲು ಒಡೆದ ದಿನ ಅವರು ಏನೂ ಹೇಳಲಿಲ್ಲ ಎಂಬುದನ್ನು ಹೆಂಡತಿ ಗಮನಿಸಿರುತ್ತಾರೆ. ನಿನ್ನೆಯ ಡಿಕಾಕ್ಷನ್ನಿನ ಕಾಫಿಯನ್ನು “ಇವತ್ತು ಚೆನ್ನಾಗಿದೆ” ಎಂದು ಕುಡಿದದ್ದನ್ನು ಸೊಸೆ ಗಮನಿಸಿರುತ್ತಾಳೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಾರೆ. ಸ್ವಲ್ಪ ದಿನದ ಮೇಲೆ, ಹಾಲು ಚೆನ್ನಾಗಿದೆ ಎಂದು ತನಗೆ ಗೊತ್ತಿದ್ದರೂ, “ಮಾವ, ಇದು ಸರಿಯಾಗಿದೆಯಾ ನೋಡಿ” ಎಂದು ಸೊಸೆ ಪಾತ್ರೆಯನ್ನು ಅವರ ಮುಂದೆ ಹಿಡಿಯುತ್ತಾಳೆ. ಅವರು ಮೂಸಿ, ಯೋಚಿಸಿ, ಪಾಸು ಮಾಡುತ್ತಾರೆ. ಮನೆಗೆ ಇನ್ನೂ ತಮ್ಮ ಮೂಗು ಬೇಕು ಎಂಬ ಭಾವನೆ ಉಳಿಯಲಿ ಎಂದು ಇಡೀ ಸಂಸಾರ ಸೇರಿ ನಡೆಸುವ ಈ ನಾಟಕವನ್ನು ನೋಡಿದರೆ, ಇವರ ಮೇಲೆ ಇಷ್ಟೆಲ್ಲ ಬರೆದದ್ದೇ ಹೆಚ್ಚಾಯಿತೇನೋ ಅನಿಸುತ್ತದೆ. ಅಷ್ಟರಲ್ಲಿ ಅವರು ಕೆಲಸದಾಕೆಯನ್ನು ಕರೆದು ನೆಲ ಒರೆಸುವ ಬಟ್ಟೆ ತೋರಿಸು ಎನ್ನುತ್ತಾರೆ, ಹಾಗೆ ಅನಿಸುವುದು ನಿಲ್ಲುತ್ತದೆ.

ಇನ್ನೊಂದು ವಾಸನೆ ಉಳಿಯಿತು, ಇಂಥ ಮನೆಗಳಲ್ಲಿ ಈಚೆಗೆ ಎಲ್ಲಕ್ಕಿಂತ ಹೆಚ್ಚಾಗಿರುವುದು. ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಇರುವ ಮಗಳಿಗೆಂದು ಇಟ್ಟ ಕೋಣೆಯಿಂದ ಚರಂಡಿಯ ನಾತ ಬರುತ್ತದೆ. ಆ ಕೋಣೆಯ ಬಚ್ಚಲನ್ನು ಯಾರೂ ಬಳಸುವುದಿಲ್ಲ, ತೊಳೆದು ಒಣಗಿಸಿ ಬಾಗಿಲು ಹಾಕಿರುತ್ತಾರೆ. ಅಲ್ಲಿ ಕೊಳೆಯೇ ಇಲ್ಲದಿರುವುದರಿಂದ ಯಜಮಾನರ ಅನುಮಾನ ಅಲ್ಲಿಗೆ ಹೋಗುವುದೇ ಇಲ್ಲ. ನಾತಕ್ಕೆ ಕಾರಣ ಆ ಶುಚಿತ್ವವೇ. ಬಚ್ಚಲಿನ ಜಾಲರಿಯ ಕೆಳಗಿರುವ ನಹಾನಿ ಟ್ರ್ಯಾಪಿನಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರ್ ನೀರು ನಿಂತಿರುತ್ತದೆ. ಒಳಚರಂಡಿಯ ಗಾಳಿ ಮನೆಗೆ ನುಗ್ಗದಂತೆ ತಡೆಯುವುದು ಆ ಮೂರು ಬೆರಳಗಲದ ನೀರು. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಶೌಚದ ಕೊಳವೆಯನ್ನು ಬಗ್ಗಿಸಿ ನೀರು ನಿಲ್ಲಿಸುವ ಉಪಾಯಕ್ಕೆ ಪೇಟೆಂಟ್ ಪಡೆದಂದಿನಿಂದ ಲೋಕದ ಬಚ್ಚಲುಗಳೆಲ್ಲ ಇದೇ ತತ್ವದ ಮೇಲೆ ನಿಂತಿವೆ. ಬಳಸದೆ ಬಿಟ್ಟರೆ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಆ ನೀರು ಆವಿಯಾಗುತ್ತದೆ, ಮನೆಯೂ ಬೀದಿಯ ಚರಂಡಿಯೂ ಒಂದೇ ಆಗುತ್ತವೆ. ಪರಿಹಾರ ವಾರಕ್ಕೊಂದು ಚೊಂಬು ನೀರು. ಬೇಗ ಒಣಗದಿರಲಿ ಎಂದರೆ ಮೇಲೆ ಒಂದು ಚಮಚ ಅಡುಗೆ ಎಣ್ಣೆ. ಖರ್ಚಿಲ್ಲದ ಪರಿಹಾರದ ಮೇಲೆ ಯಜಮಾನರಿಗೆ ನಂಬಿಕೆ ಬರುವುದಿಲ್ಲ. ಪ್ಲಂಬರ್ ಬರುತ್ತಾನೆ, ಜಾಲರಿ ಬದಲಾಗುತ್ತದೆ, ಫಿನಾಯಿಲ್ ಸುರಿಯಲಾಗುತ್ತದೆ, ಆ ಫಿನಾಯಿಲ್‌ಗೆ ಬೆರೆಸಿದ ಒಂದು ಬಕೆಟ್ ನೀರಿಗೆ ವಾಸನೆ ನಿಂತು, ಕೀರ್ತಿ ಫಿನಾಯಿಲ್‌ಗೆ ಹೋಗುತ್ತದೆ. ಡಿಸೆಂಬರಿನಲ್ಲಿ ಮಗಳು, ಅಳಿಯ, ಮಕ್ಕಳು ಬಂದು ಮೂರು ವಾರ ಇದ್ದು, ದಿನಾ ಬಕೆಟ್ಟುಗಟ್ಟಲೆ ನೀರು ಸುರಿದುಕೊಂಡಷ್ಟೂ ದಿನ ವಾಸನೆಯ ಸುದ್ದಿಯೇ ಇರುವುದಿಲ್ಲ. “ನೋಡೇ, ಆ ಫಿನಾಯಿಲ್ ಎಷ್ಟು ಒಳ್ಳೆಯದು” ಎಂದು ಯಜಮಾನರು ಹೆಂಡತಿಗೆ ಹೇಳುತ್ತಾರೆ. ಫೆಬ್ರುವರಿ ಮುಗಿಯುವಷ್ಟರಲ್ಲಿ ನಾತ ಮತ್ತೆ ಬರುತ್ತದೆ. ಮೇಲಿನ ಮನೆಗೆ ಅಷ್ಟರಲ್ಲಿ ಹೊಸಬರು ಬಂದಿರುತ್ತಾರೆ, ಈ ಸಲ ಕಾರವಾರದ ಕಡೆಯವರು. ಯಜಮಾನರು ಅಗ್ರಿಮೆಂಟ್ ಹುಡುಕಲು ಬೀರು ತೆಗೆಯುತ್ತಾರೆ.